ಸೈಕಲ್ಲಿಗೊಂದು ಅಂಕಿತನಾಮ

ಹಡಗು, ಫಿರಂಗಿ, ಉಗಿ ಎಂಜಿನ್ನುಗಳಿಗೆ ಹೆಸರಿಡುವ ರೂಢಿ ಹಳೆಯದು. ಹಡಗನ್ನು ನೀರಿಗಿಳಿಸುವ ದಿನ ನಾಮಕರಣದ ಸಮಾರಂಭವೇ ನಡೆಯುತ್ತದೆ. 1829ರಲ್ಲಿ ಇಂಗ್ಲೆಂಡಿನ ರೈನ್‌ಹಿಲ್ ಸ್ಪರ್ಧೆಯಲ್ಲಿ ಗೆದ್ದ ಸ್ಟೀಫನ್ಸನ್ನರ ಎಂಜಿನ್ನು ‘ರಾಕೆಟ್’ ಎಂಬ ಹೆಸರಿನಿಂದಲೇ ಇತಿಹಾಸ ಸೇರಿತು. ವಿಜಯಪುರದ ಕೋಟೆಯ ಬುರುಜಿನ ಮೇಲೆ ಇಂದಿಗೂ ಕುಳಿತಿರುವ ಭಾರಿ ಫಿರಂಗಿಯನ್ನು ರಣರಂಗದ ಒಡೆಯ ಎಂಬ ಅರ್ಥದಲ್ಲಿ ‘ಮಲಿಕ್-ಎ-ಮೈದಾನ್’ ಎಂದು ಕರೆಯಲಾಗಿದೆ. ಇವೆಲ್ಲ ನಾಲ್ಕು ಜನರ ಮುಂದೆ ಸಾರಲೆಂದೇ ಇಟ್ಟ ಹೆಸರುಗಳು; ಇವುಗಳ ಹಿಂದೆ ಒಬ್ಬ ಅರಸನೋ ಒಂದು ಕಂಪನಿಯೋ ಇದ್ದೇ ಇರುತ್ತದೆ. ಬೈಸಿಕಲ್ಲಿನ ಸಂಗತಿ ಬೇರೆ. ಕಾರ್ಖಾನೆ ಅದಕ್ಕೆ ಬ್ರ್ಯಾಂಡಿನ ಮುದ್ರೆ ಒತ್ತುತ್ತದೆ, ಪುರಸಭೆ ಒಂದು ಕಾಲದಲ್ಲಿ ಅದಕ್ಕೆ ತೆರಿಗೆಯ ಬಿಲ್ಲೆ ಕಟ್ಟುತ್ತಿತ್ತು, ಆದರೆ ಹೆಸರಿಡು ಎಂದು ಅದರ ಸವಾರನನ್ನು ಯಾರೂ ಕೇಳುವುದಿಲ್ಲ. ಹಾಗಿದ್ದೂ ಕೆಲವರು ಹೆಸರಿಟ್ಟಿದ್ದಾರೆ. ಸಾರಲು ಸಭೆಯಿಲ್ಲದ, ಲಾಭವೂ ಇಲ್ಲದ ಈ ನಾಮಕರಣಗಳನ್ನು ಗಮನಿಸಿದರೆ ಮನುಷ್ಯನಿಗೂ ಅವನ ಯಂತ್ರಕ್ಕೂ ನಡುವಿನ ನಂಟು ಯಾವ ಹಂತದಲ್ಲಿ ಬಿಗಿಯಾಗುತ್ತದೆ ಎಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ.

ಕನ್ನಡದ ಶಾಲಾ ವ್ಯಾಕರಣ ನಾಮಪದಗಳನ್ನು ವಿಂಗಡಿಸುವ ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಜಾತಿಯ ವಸ್ತುಗಳಿಗೆಲ್ಲ ರೂಢಿಯಿಂದ ಬಂದದ್ದು ರೂಢನಾಮ. ಒಂದೇ ವ್ಯಕ್ತಿ ಅಥವಾ ವಸ್ತುವನ್ನು ಗುರುತಿಸಲು ಇಟ್ಟದ್ದು ಅಂಕಿತನಾಮ. ಗುಣವನ್ನೋ ಕಸುಬನ್ನೋ ನೋಡಿ ಬಂದದ್ದು ಅನ್ವರ್ಥನಾಮ. ಸೈಕಲ್ಲು ಎಂಬುದು ರೂಢನಾಮವೆಂಬುದರಲ್ಲಿ ತಕರಾರಿಲ್ಲ. ಹರ್ಕ್ಯುಲಿಸ್, ಅಟ್ಲಾಸ್ ಮುಂತಾದ ಬ್ರ್ಯಾಂಡಿನ ಹೆಸರುಗಳು ನೋಟಕ್ಕೆ ಅಂಕಿತನಾಮದಂತಿದ್ದರೂ ಲಕ್ಷಾಂತರ ಸೈಕಲ್ಲುಗಳು ಅವನ್ನು ಹಂಚಿಕೊಂಡಿರುವುದರಿಂದ ಬಳಕೆಯಲ್ಲಿ ರೂಢನಾಮಗಳೇ ಆಗಿಬಿಟ್ಟಿವೆ. (ಗ್ರೀಕ್ ಪುರಾಣದಲ್ಲಿ ಆಕಾಶವನ್ನು ಹೊತ್ತವನು ಅಟ್ಲಾಸ್, ಸ್ವಲ್ಪ ಹೊತ್ತು ಅವನ ಹೊರೆಗೆ ಹೆಗಲು ಕೊಟ್ಟವನು ಹರ್ಕ್ಯುಲಿಸ್, ಈ ಇಬ್ಬರೂ ಹಿಟ್ಟಿನ ಗಿರಣಿಯ ಮುಂದೆ ಸ್ಟ್ಯಾಂಡು ಹಾಕಿಸಿಕೊಂಡು ಅಕ್ಕಪಕ್ಕ ನಿಲ್ಲುವ ಪ್ರಸಂಗ ಕನ್ನಡ ನಾಡಿನ ಊರೂರಲ್ಲೂ ದಶಕಗಳ ಕಾಲ ನಡೆದಿದೆ.) ನಿಜವಾದ ಅಂಕಿತನಾಮ ಎಂದರೆ ಇಂಥ ಒಂದೇ ಒಂದು ಸೈಕಲ್ಲಿಗೆ, ಅದರ ಮೇಲೆ ಕುಳಿತವರು ಇಟ್ಟ ಹೆಸರು. ಇಂಥ ಹೆಸರು ಪ್ರೀತಿಯಿಂದ ಹುಟ್ಟುತ್ತದೆ ಎಂಬುದು ಸಾಮಾನ್ಯ ನಂಬಿಕೆ. ದಾಖಲಾದ ಉದಾಹರಣೆಗಳನ್ನು ನೋಡಿದರೆ ಪ್ರೀತಿಗಿಂತ ಮೊದಲು ಅಲ್ಲಿ ಕಾಣುವುದು ಅವಲಂಬನೆ: ಒಬ್ಬರೇ ಸವಾರರು, ಒಂದೇ ಯಂತ್ರ, ಅದು ಕೈಕೊಟ್ಟರೆ ಬೇರೆ ದಿಕ್ಕಿಲ್ಲ ಎಂಬ ಸ್ಥಿತಿ.

ಹುಟ್ಟಿದಾಗಲೇ ಸೈಕಲ್ಲು ಪ್ರಾಣಿಯೊಂದರ ಜಾಗದಲ್ಲಿ ನಿಂತದ್ದೂ ಇದಕ್ಕೆ ಅನುಕೂಲವಾಯಿತು. ಕಾರ್ಲ್ ಡ್ರೈಸ್ ಎಂಬ ಜರ್ಮನ್ ಅರಣ್ಯಾಧಿಕಾರಿ 1817ರ ಜೂನ್ 12ರಂದು ಮ್ಯಾನ್‌ಹೈಮ್ ನಗರದಿಂದ ಹೊರಟು ಸವಾರಿ ಮಾಡಿ ತೋರಿಸಿದ, ಪೆಡಲ್ಲಿಲ್ಲದ ಮರದ ದ್ವಿಚಕ್ರ ವಾಹನವನ್ನು ಇಂಗ್ಲಿಷರು ಆಟಿಕೆಯ ಕುದುರೆಗೆ ಹೋಲಿಸಿ ಕರೆದರು. ಮುಂದೆ ಜರ್ಮನ್ನರ ಆಡುಮಾತಿನಲ್ಲಿ ಸೈಕಲ್ಲು ತಂತಿಯ ಕತ್ತೆಯಾಯಿತು. ಲಾಯದಲ್ಲಿನ ಕುದುರೆಗೆ ಹೆಸರಿರುವುದು ಸಹಜವಾದ್ದರಿಂದ, ಅದರ ಬದಲಿಗೆ ಬಂದ ಯಂತ್ರಕ್ಕೂ ಆ ಗೌರವ ದಾಟಿ ಬರಲು ಹಾದಿ ತೆರೆದೇ ಇತ್ತು.

ಈ ಹಾದಿಯಲ್ಲಿ ನಡೆದವರ ಪೈಕಿ ತಮ್ಮ ಸೈಕಲ್ಲಿನ ಹೆಸರು, ಆ ಹೆಸರಿನ ಕಾರಣ, ಅದರೊಡನೆ ನಡೆಸಿದ ಹೆಣಗಾಟ ಎಲ್ಲವನ್ನೂ ಪುಸ್ತಕವಾಗಿ ಬರೆದಿಟ್ಟವರು ಅಮೆರಿಕದ ಫ್ರಾನ್ಸಿಸ್ ವಿಲ್ಲರ್ಡ್. 1839ರಲ್ಲಿ ಹುಟ್ಟಿದ ಇವರು ಮದ್ಯಪಾನ ವಿರೋಧಿ ಚಳವಳಿಯ ದೊಡ್ಡ ನಾಯಕಿ. ಕ್ರೈಸ್ತ ಮಹಿಳೆಯರ ಪಾನನಿರೋಧ ಒಕ್ಕೂಟದ ಅಧ್ಯಕ್ಷೆಯಾಗಿ 1879ರಿಂದ ತಾವು ತೀರಿಕೊಂಡ 1898ರವರೆಗೆ ಮಹಿಳೆಯರ ಮತದಾನದ ಹಕ್ಕಿಗಾಗಿಯೂ ದುಡಿದವರು. 1892ರಲ್ಲಿ ತಾಯಿಯನ್ನು ಕಳೆದುಕೊಂಡು, ನಿರಂತರ ಭಾಷಣ ಪ್ರವಾಸಗಳಿಂದ ದೇಹವೂ ದಣಿದಿದ್ದ ಕಾಲದಲ್ಲಿ, ಇಂಗ್ಲೆಂಡಿನಲ್ಲಿದ್ದ ಗೆಳತಿ ಲೇಡಿ ಹೆನ್ರಿ ಸಾಮರ್ಸೆಟ್ ಅವರಿಂದ ಉಡುಗೊರೆಯಾಗಿ ಬಂದ ಸೈಕಲ್ಲನ್ನು ಕಲಿಯಲು ವಿಲ್ಲರ್ಡ್ ತಮ್ಮ 53ನೇ ವಯಸ್ಸಿನಲ್ಲಿ ನಿರ್ಧರಿಸಿದರು. ಆ ವಯಸ್ಸಿನ ಗೌರವಸ್ಥ ಹೆಂಗಸು ಸೈಕಲ್ ಏರುವುದನ್ನು ಸಭ್ಯ ಸಮಾಜ ಕಣ್ಣರಳಿಸಿ ನೋಡುತ್ತಿದ್ದ ದಿನಗಳವು. ಉಡುಪಿನ ಕ್ರಾಂತಿಯೇನನ್ನೂ ಅವರು ಮಾಡಲಿಲ್ಲ. ನೆಲದಿಂದ ಮೂರು ಅಂಗುಲ ಮೇಲಿರುವಂತೆ ಹೊಲಿಸಿದ ಉಣ್ಣೆಯ ಲಂಗ, ಅದಕ್ಕೊಪ್ಪುವ ರವಿಕೆ, ಹುಲ್ಲಿನ ಟೋಪಿ, ಇಷ್ಟರಲ್ಲೇ ಕಲಿಕೆ ಮುಗಿಯಿತು. ಆ ಮೂರು ಅಂಗುಲವೇ ಅಂದಿಗೆ ಒಂದು ಹೇಳಿಕೆಯಾಗಿತ್ತು.

ಸುಮಾರು ಮೂರು ತಿಂಗಳು, ದಿನಕ್ಕೆ ಹೆಚ್ಚುಕಡಿಮೆ ಕಾಲು ಗಂಟೆಯಂತೆ ನಡೆದ ಈ ಅಭ್ಯಾಸದ ಕ್ರಮ ವಿಚಿತ್ರವೆನಿಸುತ್ತದೆ. ಮೊದಲು ಪೆಡಲ್ ತುಳಿಯುವುದು, ಬಳಿಕ ತಿರುಗಿಸುವುದು, ಅನಂತರ ಇಳಿಯುವುದು, ಎಲ್ಲಕ್ಕಿಂತ ಕೊನೆಗೆ ಹತ್ತುವುದು. ಆರಂಭದಲ್ಲಿ ಸಹಾಯಕರು ಹಿಡಿದು ಕೂರಿಸುತ್ತಿದ್ದುದರಿಂದ ಹತ್ತುವ ಪ್ರಶ್ನೆಯೇ ಏಳುತ್ತಿರಲಿಲ್ಲ. ತಾವಾಗಿ ಏರಿ, ಯಾರ ನೆರವೂ ಇಲ್ಲದೆ ಹೊರಟ ದಿನವೇ ಕಲಿಕೆ ಪೂರ್ಣವಾಯಿತು. ದೊಡ್ಡವರಾದ ಮೇಲೆ ಸೈಕಲ್ ಕಲಿತವರಿಗೆಲ್ಲ ಈ ಕ್ರಮದ ತರ್ಕ ಕೂಡಲೇ ಅರ್ಥವಾಗುತ್ತದೆ. ಈ ಯಂತ್ರಕ್ಕೆ ವಿಲ್ಲರ್ಡ್ ಇಟ್ಟ ಹೆಸರು ಗ್ಲಾಡಿಸ್. ತಮ್ಮ ಆರೋಗ್ಯಕ್ಕೂ ಮನಸ್ಸಿಗೂ ಅದು ತಂದ ಉಲ್ಲಾಸವೇ ಹೆಸರಿಗೆ ಕಾರಣವೆಂದು ಅವರು ಹೇಳಿಕೊಂಡಿದ್ದಾರೆ. 1895ರಲ್ಲಿ ಪ್ರಕಟವಾದ ಅವರ ‘ಎ ವ್ಹೀಲ್ ವಿದಿನ್ ಎ ವ್ಹೀಲ್’ ಎಂಬ ಸಣ್ಣ ಪುಸ್ತಕದಲ್ಲಿ ಗ್ಲಾಡಿಸ್ ಸ್ವಭಾವವಿರುವ ಹೆಣ್ಣಾಗಿ ಕಾಣಿಸಿಕೊಳ್ಳುತ್ತಾಳೆ: ಅವಳನ್ನು ಅರಿಯಬೇಕು, ಒಲಿಸಿಕೊಳ್ಳಬೇಕು, ಅವಳ ಮುಂದೆ ಹೆದರಿಕೆ ತೋರಬಾರದು. ಆದರೆ ಬಿದ್ದಾಗ ತಪ್ಪನ್ನು ಅವಳ ತಲೆಗೆ ಕಟ್ಟಲು ವಿಲ್ಲರ್ಡ್ ಒಪ್ಪುವುದಿಲ್ಲ. ಚಕ್ರ ಓಲಾಡಿದರೆ ಅದು ಸವಾರಳ ಸಂಕಲ್ಪದ ಓಲಾಟ ಎಂಬುದು ಅವರ ನಿಲುವು. ಉಪದೇಶ ಅವರ ಕಸುಬಾಗಿತ್ತು, ಆದ್ದರಿಂದ ಪುಸ್ತಕದಲ್ಲಿ ಅದು ಅಲ್ಲಲ್ಲಿ ಹೆಚ್ಚೇ ಆಯಿತೆನ್ನಬೇಕು; ಹಾಗಿದ್ದರೂ ಹೆಸರೊಂದು ಮಾಡುವ ಕೆಲಸವನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಬರಹ ಅಪರೂಪ. ಕಬ್ಬಿಣದ ಎದುರು ಸೋಲುವುದು ಅವಮಾನ. ಗ್ಲಾಡಿಸಳ ಎದುರು ಸೋಲುವುದು ಪರಿಚಯ ಇನ್ನೂ ಪೂರ್ತಿಯಾಗಿಲ್ಲ ಎಂಬುದಕ್ಕೆ ಗುರುತು ಅಷ್ಟೇ, ಮರುದಿನ ಮತ್ತೆ ಹೋಗಿ ನಿಲ್ಲಬಹುದು.

ಇಂಗ್ಲಿಷ್ ಸಂಗೀತ ರಚನಕಾರ ಎಡ್ವರ್ಡ್ ಎಲ್ಗರ್ ಅವರ ಪ್ರಕರಣದಲ್ಲಿ ಇಂಥ ಹೋರಾಟವಿಲ್ಲ, ಚಮತ್ಕಾರವಿದೆ. ವುಲ್ವರ್‌ಹ್ಯಾಂಪ್ಟನ್ನಿನ ಜಾನ್ ಮಾರ್ಸ್ಟನ್ ಕಂಪನಿ ತಯಾರಿಸುತ್ತಿದ್ದ ‘ಸನ್‌ಬೀಮ್’, ಅಂದರೆ ಸೂರ್ಯಕಿರಣ, ಎಂಬ ಬ್ರ್ಯಾಂಡಿನ ಸೈಕಲ್ಲುಗಳಿಗೆ ಆ ಕಾಲದಲ್ಲಿ ಬಹಳ ಮರ್ಯಾದೆಯಿತ್ತು. ಚೈನು ಸದಾ ಎಣ್ಣೆಯಲ್ಲಿ ಮುಳುಗಿಕೊಂಡೇ ಸುತ್ತುವಂತೆ ಮುಚ್ಚಿದ ಚೈನ್ ಕವರಿನೊಳಗೆ ಪುಟ್ಟ ಎಣ್ಣೆ ತೊಟ್ಟಿ ಇರುತ್ತಿದ್ದುದು ಅವುಗಳ ವೈಶಿಷ್ಟ್ಯ. ಎಲ್ಗರ್ ಕೊಂಡ ರಾಯಲ್ ಸನ್‌ಬೀಮ್ ಸೈಕಲ್ಲಿಗೆ ಅವರು ‘ಮಿಸ್ಟರ್ ಫೀಬಸ್’ ಎಂದು ಹೆಸರಿಟ್ಟರು. ಫೀಬಸ್ ಎಂಬುದು ಸೂರ್ಯನಾಗಿಯೂ ಪೂಜೆಗೊಂಡ ಗ್ರೀಕ್ ದೇವತೆ ಅಪೊಲೊನ ಇನ್ನೊಂದು ಹೆಸರು. ಕಿರಣದ ಬ್ರ್ಯಾಂಡಿಗೆ ಸೂರ್ಯನ ಅಂಕಿತ ಹಾಕಿ, ಅದರ ಮುಂದೆ ‘ಮಿಸ್ಟರ್’ ಎಂಬ ಊರ ಯಜಮಾನಿಕೆಯ ಬಿರುದು ಅಂಟಿಸಿದ್ದರಲ್ಲಿ ಇಡೀ ತಮಾಷೆ ಇದೆ. ಎಲ್ಗರ್ ಅವರಿಗೆ ಇದು ಬಿಡಿ ಘಟನೆಯಲ್ಲ. ಹೆಂಡತಿ ಕ್ಯಾರೊಲಿನ್ ಆಲಿಸ್ ಅವರ ಎರಡು ಹೆಸರುಗಳನ್ನು ಬೆಸೆದು ಮಗಳಿಗೆ ಕ್ಯಾರಿಸ್ ಎಂದು ಹೆಸರಿಟ್ಟಿದ್ದರು. ಮನೆತನದ ಹೆಸರಿನ ಅಕ್ಷರಗಳಿಗೆ ಮೂವರ ಹೆಸರುಗಳ ಮೊದಲಕ್ಷರ ಕೂಡಿಸಿ, ಹಿಂದುಮುಂದು ಮಾಡಿ, ಮಾಲ್ವರ್ನ್ ಪ್ರದೇಶದ ಮನೆಗೆ ‘ಕ್ರೇಗ್ ಲೀ’ ಎಂದು ಕರೆದಿದ್ದರು. 1899ರಲ್ಲಿ ಮೊದಲು ನುಡಿಸಲಾದ ‘ಎನಿಗ್ಮಾ ವೇರಿಯೇಷನ್ಸ್’ ಕೃತಿಯಲ್ಲಿ ಗೆಳೆಯರನ್ನು ಅಡ್ಡಹೆಸರು, ಮೊದಲಕ್ಷರಗಳ ಹಿಂದೆ ಅಡಗಿಸಿ ಕೂರಿಸಿದ್ದರು. ಅವುಗಳಲ್ಲೊಂದು ಭಾಗ ನಿಜಕ್ಕೂ ಗೆಳೆಯನೊಬ್ಬನ ನಾಯಿ ನದಿಗೆ ಬಿದ್ದ ಪ್ರಸಂಗಕ್ಕೆ ಸಂಬಂಧಿಸಿದ್ದು. ಹೀಗೆ ಮಗು, ಮನೆ, ಗೆಳೆಯರು, ನಾಯಿ ಎಲ್ಲರಿಗೂ ಒಳಬಳಗದಲ್ಲಿ ಜಾಗ ಕೊಟ್ಟ ಮನುಷ್ಯ ತನ್ನನ್ನು ವೂಸ್ಟರ್‌ಷೈರಿನ ಹಳ್ಳಿಹಾದಿಗಳಲ್ಲಿ ಸುತ್ತಿಸಿದ ಸೈಕಲ್ಲನ್ನು ಹೊರಗಿಟ್ಟಿದ್ದರೆ ಆಶ್ಚರ್ಯವಾಗುತ್ತಿತ್ತು. ಹೆರಿಫರ್ಡ್ ನಗರದ ಕೆಥೀಡ್ರಲ್ ಬಳಿ ಅವರ ಪ್ರತಿಮೆಯೊಂದಿದೆ. ಅವರು ಸೈಕಲ್ಲಿಗೆ ಒರಗಿ ನಿಂತಿದ್ದಾರೆ.

ಇದಕ್ಕೆ ತೀರ ವಿರುದ್ಧವಾದ ಒಂದು ಪ್ರಸಂಗವೂ ಉಂಟು. 1894ರಲ್ಲಿ ಬಾಸ್ಟನ್ನಿನಿಂದ ಸೈಕಲ್ಲಿನಲ್ಲಿ ಪ್ರಪಂಚ ಪರ್ಯಟನೆಗೆ ಹೊರಟ ಆ್ಯನಿ ಕೊಪ್ಚೊವ್‌ಸ್ಕಿ ಎಂಬ ತರುಣಿ, ಲಂಡನ್‌ಡೆರಿ ಎಂಬ ಬಾಟಲಿ ನೀರಿನ ಕಂಪನಿಯಿಂದ 100 ಡಾಲರ್ ಪಡೆದು ಅದರ ಫಲಕವನ್ನು ಸೈಕಲ್ಲಿಗೆ ಕಟ್ಟಿಕೊಂಡದ್ದಲ್ಲದೆ ತನ್ನ ಹೆಸರನ್ನೇ ಆ್ಯನಿ ಲಂಡನ್‌ಡೆರಿ ಎಂದು ಬದಲಿಸಿಕೊಂಡರು. ಇಲ್ಲಿ ಹೆಸರು ಸೈಕಲ್ಲಿನಿಂದ ಸವಾರಳ ಕಡೆಗೆ ಹರಿಯಿತು. ದಾರಿಯ ನಡುವೆ ಭಾರದ ಸೈಕಲ್ಲನ್ನು ಬಿಟ್ಟು ಹಗುರವಾದ ಇನ್ನೊಂದನ್ನು ಹಿಡಿಯಲೂ ಅವರು ಹಿಂಜರಿಯಲಿಲ್ಲ.

ಐರ್ಲೆಂಡಿನ ಡರ್ವ್ಲಾ ಮರ್ಫಿ ಅವರಿಗೆ ಅಂಥ ಬದಲಾವಣೆ ಊಹಿಸಲೂ ಸಾಧ್ಯವಿರಲಿಲ್ಲ. 1931ರಲ್ಲಿ ಲಿಸ್ಮೋರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಇವರಿಗೆ ಹತ್ತನೇ ಹುಟ್ಟುಹಬ್ಬಕ್ಕೆ ಬಂದದ್ದು ಒಂದು ಹಳೆಯ ಸೈಕಲ್ಲು, ಒಂದು ಭೂಪಟಗಳ ಪುಸ್ತಕ; ಎರಡನ್ನೂ ಕೂಡಿಸಿ ನೋಡಿದ ಹುಡುಗಿ ಇಂಡಿಯಾಕ್ಕೆ ಸೈಕಲ್ಲಿನಲ್ಲೇ ಹೋಗುವುದೆಂದು ತೀರ್ಮಾನಿಸಿದರು. ಸಂಧಿವಾತದಿಂದ ಹಾಸಿಗೆ ಹಿಡಿದ ತಾಯಿಯ ಆರೈಕೆಯಲ್ಲಿ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಕಳೆದು, ಅವರ ಮರಣದ ನಂತರವಷ್ಟೇ, 1963ರ ಜನವರಿಯಲ್ಲಿ, ಯುರೋಪು ಕಂಡ ಅತಿ ಕಠಿಣ ಚಳಿಗಾಲಗಳಲ್ಲೊಂದರ ನಡುವೆ, ಮರ್ಫಿ ಹೊರಟರು. 1961ರಲ್ಲಿ ಕೊಂಡ ಆರ್ಮ್‌ಸ್ಟ್ರಾಂಗ್ ಕಂಪನಿಯ ಗಂಡಸರ ಸೈಕಲ್ಲು ಅವರ ವಾಹನ. ಏಷ್ಯಾದ ರಸ್ತೆಗಳಲ್ಲಿ ನಾಜೂಕಿನ ಗೇರು ಬಾಳುವುದಿಲ್ಲವೆಂದು ಅದನ್ನು ಕಳಚಿಸಿದ್ದರು. ಬದಲಿ ಟೈರುಗಳನ್ನು ದಾರಿಯಲ್ಲಿನ ಊರುಗಳಿಗೆ ಮುಂಚಿತವಾಗಿ ಕಳುಹಿಸಿದ್ದರು. ಸೈಕಲ್ಲಿನ ಹೆಸರು ರೋಜ್. ಸ್ಪೇನಿನ ಲೇಖಕ ಸರ್ವಾಂಟಿಸನ ‘ಡಾನ್ ಕಿಹೋಟೆ’ ಕಾದಂಬರಿಯಲ್ಲಿ ಭ್ರಮೆಯ ವೀರನನ್ನು ಹೊತ್ತು ತಿರುಗುವ ಬಡಕಲು ಕುದುರೆ ರೊಸಿನಾಂಟೆಯ ಹೆಸರನ್ನು ಕತ್ತರಿಸಿ ಮಾಡಿಕೊಂಡ ಮುದ್ದಿನ ಹೆಸರದು. ಆ ಕಾದಂಬರಿಯ ನಾಯಕ ಕುದುರೆಗೆ ತಕ್ಕ ಹೆಸರು ಹುಡುಕಲು ನಾಲ್ಕು ದಿನ ತಲೆ ಕೆಡಿಸಿಕೊಳ್ಳುತ್ತಾನೆ. ಕಾಕತಾಳೀಯವೆಂಬಂತೆ, ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಸಹ 1960ರಲ್ಲಿ ದೇಶ ಸುತ್ತಲು ಸಜ್ಜುಮಾಡಿಸಿದ ತಮ್ಮ ಟ್ರಕ್ಕಿಗೆ ರೊಸಿನಾಂಟೆ ಎಂದೇ ಹೆಸರಿಟ್ಟಿದ್ದರು. ಹೊರಟಿರುವ ಕೆಲಸ ಹುಚ್ಚುತನದ್ದೆಂದು ತಮಗೂ ಗೊತ್ತಿದೆ ಎಂದು ಸವಾರರು ಮೊದಲೇ ಒಪ್ಪಿಕೊಂಡುಬಿಡುವ ಜಾಣತನ ಈ ಹೆಸರಿನಲ್ಲಿದೆ.

ಯುಗೊಸ್ಲಾವಿಯ, ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಮರ್ಫಿ ಅದೇ ವರ್ಷದ ಜುಲೈ ತಿಂಗಳಲ್ಲಿ ದೆಹಲಿ ಮುಟ್ಟಿದರು. 1965ರಲ್ಲಿ ಬಂದ ಅವರ ಪ್ರವಾಸ ಕಥನ ‘ಫುಲ್ ಟಿಲ್ಟ್’ನಲ್ಲಿ ರೋಜ್ ಸಹಪ್ರಯಾಣಿಕಳು. ಮಂಜು ಮುಚ್ಚಿದ ಕಣಿವೆಯಲ್ಲಿ ಸವಾರಳೇ ಸೈಕಲ್ಲನ್ನು ಹೊತ್ತು ನಡೆಯಬೇಕಾದ ಸ್ಥಳಗಳಲ್ಲಿ ಯಾರು ಯಾರ ವಾಹನ ಎಂಬುದೇ ತಿರುವುಮುರುವಾಗುತ್ತದೆ. ಭಾಷೆ ತಿಳಿಯದ ನಾಡಿನಲ್ಲಿ ವಾರಗಟ್ಟಲೆ ಒಬ್ಬಂಟಿಯಾಗಿ ಸಾಗುವವರಿಗೆ ಮಾತಾಡಿಸಲು ಉಳಿಯುವುದು ಕಾಲಡಿಯ ಯಂತ್ರವೊಂದೇ. ಇದು ಸೈಕಲ್ಲಿಗೆ ಮಾತ್ರ ಸೀಮಿತವಾದ ಅಭ್ಯಾಸವಾಗಿರಲಿಲ್ಲ. ಮುಂದೆ ಇಥಿಯೋಪಿಯದ ಪರ್ವತಗಳನ್ನು ಸುತ್ತಿದಾಗ ಹೊರೆ ಹೊತ್ತ ಹೇಸರಗತ್ತೆಗೆ ಅವರು ಜಾಕ್ ಎಂದು ಹೆಸರಿಟ್ಟರು. ಕರ್ನಾಟಕದ ಓದುಗರಿಗೆ ಮರ್ಫಿ ಬೇರೊಂದು ಕಾರಣಕ್ಕೂ ಪರಿಚಿತರಾಗಬೇಕು: 1973ರ ಚಳಿಗಾಲದಲ್ಲಿ ಐದರ ಹರೆಯದ ಮಗಳನ್ನು ಕರೆದುಕೊಂಡು ದಕ್ಷಿಣ ಭಾರತಕ್ಕೆ ಬಂದ ಅವರು ಕೊಡಗಿನಲ್ಲಿ ಮನೆ ಮಾಡಿ ನೆಲೆಸಿ, ಆ ಅನುಭವವನ್ನು ‘ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್’ ಎಂಬ ಪುಸ್ತಕವಾಗಿ ಬರೆದರು. ಆ ಪ್ರವಾಸ ಸೈಕಲ್ಲಿನದಲ್ಲ. 2022ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು.

ಸ್ಕಾಟ್ಲೆಂಡಿನ ಸೈಕಲ್ ಪಟು ಗ್ರೇಮ್ ಓಬ್ರಿ ತಾವೇ ಕಟ್ಟಿದ ಸೈಕಲ್ಲಿನ ಹೆಸರು ‘ಓಲ್ಡ್ ಫೇಯ್ತ್‌ಫುಲ್’, ನಂಬಿಕಸ್ಥ ಹಳೆಯ ಬಂಟ ಎಂಬಂಥದ್ದು. ವ್ಯಾಕರಣದ ಲೆಕ್ಕದಲ್ಲಿ ಇದು ಅನ್ವರ್ಥನಾಮ. ಬಟ್ಟೆ ಒಗೆಯುವ ಯಂತ್ರದ ಬೇರಿಂಗನ್ನು ಅದರ ಪೆಡಲ್ಲಿನ ಅಚ್ಚಿಗೆ ಬಳಸಿದ್ದರಿಂದ ಪತ್ರಿಕೆಗಳಲ್ಲಿ ಓಬ್ರಿಯವರಿಗಿಂತ ಆ ಬೇರಿಂಗೇ ಹೆಚ್ಚು ಪ್ರಸಿದ್ಧವಾಯಿತು. ಒಂದು ಗಂಟೆಯಲ್ಲಿ ಗರಿಷ್ಠ ದೂರ ಕ್ರಮಿಸುವ ದಾಖಲೆಯನ್ನು ಇಟಲಿಯ ಫ್ರಾಂಚೆಸ್ಕೊ ಮೋಸರ್ 1984ರಲ್ಲಿ 51.151 ಕಿಲೊಮೀಟರಿಗೆ ಒಯ್ದಿದ್ದರು. ಇದನ್ನು ಮುರಿಯಲು ನಾರ್ವೆಯ ಹಾಮಾರ್ ನಗರದಲ್ಲಿ 1993ರ ಜುಲೈ 16ರಂದು ಓಬ್ರಿ ಇಳಿದದ್ದು ಓಲ್ಡ್ ಫೇಯ್ತ್‌ಫುಲ್ಲಿನ ಮಾದರಿಯಲ್ಲಿ ಬೇರೆಯವರು ಹೊಸದಾಗಿ ತಯಾರಿಸಿಕೊಟ್ಟ ನುಣುಪಾದ ಪ್ರತಿರೂಪದ ಮೇಲೆ. ಪ್ರಯತ್ನ ಸೋತಿತು. ರಾತ್ರಿಯಿಡೀ ಸ್ನಾಯುಗಳು ಬಿಗಿದುಕೊಳ್ಳದಂತೆ ಆಗಾಗ ಎದ್ದು ಮೈಮುರಿದು, ಮರುದಿನ ಬೆಳಿಗ್ಗೆ ತಮ್ಮ ಕೈಯಾರೆ ಕಟ್ಟಿದ ಹಳೆಯ ಸೈಕಲ್ಲನ್ನೇ ಹತ್ತಿ ಅವರು 51.596 ಕಿಲೊಮೀಟರ್ ತುಳಿದರು. ದಾಖಲೆ ಬದುಕಿದ್ದು ಆರೇ ದಿನ. ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಅದನ್ನು ಮುರಿದರು. ಹೆಸರು ಮಾತ್ರ ಉಳಿಯಿತು, ಮತ್ತು ಈ ಹೆಸರನ್ನು ಆ ಸೈಕಲ್ಲು ದುಡಿದು ಸಂಪಾದಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಜಡವಸ್ತುವಿಗೆ ಮನಸ್ಸನ್ನು ಆರೋಪಿಸುವ ಈ ಪ್ರವೃತ್ತಿಯನ್ನು ವಿದ್ವಾಂಸರು ಮಾನವೀಕರಣ ಎನ್ನುತ್ತಾರೆ. ಷಿಕಾಗೊ ವಿಶ್ವವಿದ್ಯಾಲಯದ ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2007ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಇದಕ್ಕೆ ಒತ್ತಾಸೆಯಾಗುವ ಸಂಗತಿಗಳಲ್ಲಿ ಎರಡು ಮುಖ್ಯ: ಒಂಟಿತನದಲ್ಲಿ ಸಂಗಾತಿಯನ್ನು ಬಯಸುವುದು, ಮತ್ತು ವರ್ತನೆ ಊಹೆಗೆ ಸಿಗದ ವಸ್ತುವನ್ನು ಅರ್ಥ ಮಾಡಿಕೊಂಡು ಹಿಡಿತಕ್ಕೆ ತರಲು ಬಯಸುವುದು. ಮೊದಲನೆಯದರಲ್ಲಿ ಮರ್ಫಿ, ಎರಡನೆಯದರಲ್ಲಿ ವಿಲ್ಲರ್ಡ್ ನಿಚ್ಚಳವಾಗಿ ಕಾಣುತ್ತಾರೆ. ಜೆಸ್ಸಿ ಚಾಂಡ್ಲರ್ ಮತ್ತು ನಾರ್ಬರ್ಟ್ ಶ್ವಾರ್ಟ್ಸ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಕಾರನ್ನು ವ್ಯಕ್ತಿಯೆಂಬಂತೆ ಯೋಚಿಸಲು ಹಚ್ಚಿದವರು ಅದನ್ನು ಬದಲಾಯಿಸಲು ಅಷ್ಟಾಗಿ ಮನಸ್ಸು ಮಾಡಲಿಲ್ಲ. ಕಾರಿನ ಗುಣಮಟ್ಟ ಅವರ ನಿರ್ಧಾರದಲ್ಲಿ ಹಿಂದೆ ಬಿತ್ತು. ಮಾನವಶಾಸ್ತ್ರಜ್ಞ ಆಲ್‌ಫ್ರೆಡ್ ಜೆಲ್ ಅವರ 1998ರಲ್ಲಿ ಪ್ರಕಟವಾದ ‘ಆರ್ಟ್ ಆ್ಯಂಡ್ ಏಜೆನ್ಸಿ’ ಗ್ರಂಥದಲ್ಲಿ ಸ್ವಂತ ಟೊಯೊಟಾ ಕಾರೇ ಒಂದು ಉದಾಹರಣೆ; ಮನೆಯವರು ಅದಕ್ಕೆ ಓಲಿ ಎಂಬ ಹೆಸರಿಟ್ಟಿದ್ದರು, ಮತ್ತು ನಡುರಾತ್ರಿ ಮನೆಯಿಂದ ದೂರದಲ್ಲಿ ಅದು ಕೆಟ್ಟು ನಿಂತರೆ ಅದನ್ನು ಕಾರು ಬಗೆದ ದ್ರೋಹವೆಂದೇ ಎಣಿಸುವುದಾಗಿ ಜೆಲ್ ಬರೆಯುತ್ತಾರೆ. ಫ್ಲಾನ್ ಒ’ಬ್ರಯನ್ ಎಂಬ ಐರಿಷ್ ಲೇಖಕರ, 1967ರಲ್ಲಿ ಹೊರಬಂದ ‘ದಿ ಥರ್ಡ್ ಪೊಲೀಸ್‌ಮನ್’ ಕಾದಂಬರಿ ಈ ಆಲೋಚನೆಯನ್ನು ತುದಿಗೆ ಮುಟ್ಟಿಸುತ್ತದೆ: ಅಲ್ಲಿ ಸದಾ ಸೈಕಲ್ ತುಳಿಯುವವರ ಕಣಗಳು ಸೈಕಲ್ಲಿಗೂ ಸೈಕಲ್ಲಿನ ಕಣಗಳು ಅವರಿಗೂ ದಾಟಿಕೊಂಡು, ಯಾರು ಎಷ್ಟು ಪಾಲು ಸೈಕಲ್ಲು ಎಂದು ಪೊಲೀಸರು ಲೆಕ್ಕವಿಡುತ್ತಾರೆ.

ಕನ್ನಡ ನಾಡಿನಲ್ಲಿ ಸೈಕಲ್ಲಿಗೆ ಅಂಕಿತನಾಮ ಕೊಡುವ ರೂಢಿ ಬೆಳೆಯಲಿಲ್ಲ. ಹೆಸರಿಡುವುದರಲ್ಲಿ ಈ ನಾಡು ಜಿಪುಣವೇನಲ್ಲ. ಗೋವಿನ ಹಾಡಿನ ಗೊಲ್ಲ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಕರಾವಳಿಯ ಕಂಬಳದ ಕೋಣಗಳಿಗೂ ಮೈಸೂರು ದಸರೆಯ ಆನೆಗಳಿಗೂ ಇರುವ ಹೆಸರುಗಳನ್ನು ಅಭಿಮಾನಿಗಳು ಬಾಯಿಪಾಠ ಹೇಳುತ್ತಾರೆ. ಇಲ್ಲಿ ಹೆಸರೆಂದರೆ ಕರೆಯಲಿಕ್ಕಿರುವುದು, ಕರೆದರೆ ಓಗೊಡುವ ಜೀವಕ್ಕೆ ಸಲ್ಲುವುದು. ಸೈಕಲ್ಲಿಗೆ ಸಂದದ್ದು ಬೇರೆ ಬಗೆಯ ಮನ್ನಣೆ. ಆಯುಧಪೂಜೆಯ ದಿನ ಅದನ್ನು ತೊಳೆದು, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ ಹಾಕಿ, ಕುಂಕುಮವಿಟ್ಟು, ಚಕ್ರದಡಿಗೆ ನಿಂಬೆಹಣ್ಣು ಇಟ್ಟು ಒಮ್ಮೆ ಮುಂದಕ್ಕೆ ತಳ್ಳುವವರು ಅದಕ್ಕೆ ದೇವತ್ವವನ್ನೇ ಕೊಟ್ಟಿರುತ್ತಾರೆ. ಅದರ ಮೇಲೆ ಮುದ್ದಿನ ಹೆಸರಿನ ಅಗತ್ಯ ಬೀಳುವುದಿಲ್ಲ.

ಇನ್ನೊಂದು ಕಾರಣ ಹೆಚ್ಚು ಲೌಕಿಕವಾದದ್ದು. ಮನೆಗೊಂದೇ ಸೈಕಲ್ಲಿದ್ದ ಕಾಲದಲ್ಲಿ ಅದು ಬೆಳಿಗ್ಗೆ ತಂದೆಯನ್ನು ಕಚೇರಿಗೆ ಮುಟ್ಟಿಸಿ, ಸಂಜೆ ಮಗನ ಕೈಗೆ ಸಿಕ್ಕಿ ಗಿರಣಿಗೆ ಹೋಗಿ, ಭಾನುವಾರ ಹುಲ್ಲಿನ ಹೊರೆ ಹೊತ್ತು, ಬಾರಿನ ಕೆಳಗಿಂದ ಕಾಲು ತೂರಿಸಿ ತುಳಿಯುವ ಕಿರಿಯನಿಗೆ ಕಲಿಕೆಯ ಸಾಧನವೂ ಆಗುತ್ತಿತ್ತು. ಒಬ್ಬರದೇ ಅಲ್ಲದ ವಸ್ತುವಿಗೆ ಒಬ್ಬರು ಹೆಸರಿಡುವುದು ಹೇಗೆ? ಅಪ್ಪನ ಸೈಕಲ್ಲು, ಮೇಷ್ಟ್ರ ಸೈಕಲ್ಲು, ಪೋಸ್ಟಿನವರ ಸೈಕಲ್ಲು ಎಂಬ ಷಷ್ಠಿ ವಿಭಕ್ತಿಯೇ ಅದರ ಗುರುತಾಯಿತು, ಮತ್ತು ಚೈನ್ ಕವರಿನ ಮೇಲೆ ಪೇಂಟರ್ ಕೈಯಲ್ಲಿ ಬರೆಸಿದ್ದು ಒಡೆಯನ ಹೆಸರನ್ನೇ. ಬಾಡಿಗೆ ಸೈಕಲ್ಲುಗಳ ಹಿಂಬದಿಯ ಮಡ್‌ಗಾರ್ಡಿನ ಮೇಲೆ ಅಂಗಡಿಯ ಹೆಸರಿನ ಜೊತೆ ಕ್ರಮಸಂಖ್ಯೆ ಇರುತ್ತಿತ್ತು. ಗಂಟೆಯ ಲೆಕ್ಕದಲ್ಲಿ ಅದನ್ನು ಒಯ್ಯುತ್ತಿದ್ದ ಹುಡುಗರು ಮೂರನೇ ನಂಬರಿನದು ಬ್ರೇಕು ಹಿಡಿಯುವುದಿಲ್ಲ, ಏಳನೇ ನಂಬರಿನದು ಹಗುರ ಎಂದು ಸ್ವಭಾವ ಬಲ್ಲವರಂತೆ ಆರಿಸಿಕೊಳ್ಳುತ್ತಿದ್ದಾಗ ಆ ಸಂಖ್ಯೆಗಳು ಅಂಕಿತನಾಮದ ಹೊಸ್ತಿಲವರೆಗೆ ಬಂದಿದ್ದವು. 2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಹಂಚತೊಡಗಿದ ಒಂದೇ ತರಹದ ಸೈಕಲ್ಲುಗಳ ಸಾಲಿನಲ್ಲಿ ತನ್ನದನ್ನು ಪತ್ತೆ ಹಚ್ಚಲು ಮಗು ಸ್ಟಿಕರು ಅಂಟಿಸುತ್ತಿದ್ದುದು, ರಿಬ್ಬನ್ನು ಕಟ್ಟುತ್ತಿದ್ದುದು ಇದೇ ಪರಂಪರೆಯ ಮುಂದುವರಿಕೆ. 2017ರಲ್ಲಿ ಮೈಸೂರಿನಲ್ಲಿ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ ಬಂದಾಗ ಬೆಲ್ಲಿನ ಸದ್ದನ್ನೇ ಹಿಡಿದು ಅದಕ್ಕೆ ‘ಟ್ರಿಣ್ ಟ್ರಿಣ್’ ಎಂದು ಹೆಸರಿಡಲಾಯಿತು. ಹೆಸರು ಸೊಗಸಾಗಿದೆ, ಆದರೆ ಅದು ಇಡೀ ಯೋಜನೆಯದು. ಇಂದು ಒಬ್ಬರು, ನಾಳೆ ಇನ್ನೊಬ್ಬರು ತುಳಿಯುವ ಸೈಕಲ್ಲು ಗ್ಲಾಡಿಸ್ ಆಗುವುದು ಕಷ್ಟ.

ಹೀಗಾಗಿ ಕರ್ನಾಟಕದಲ್ಲಿ ಸೈಕಲ್ ನಾಮಕರಣದ ಇತಿಹಾಸ ಬರೆಯಬೇಕಾದರೆ ಪುಸ್ತಕಗಳಿಗಿಂತ ಚೈನ್ ಕವರುಗಳನ್ನೇ ಓದಬೇಕಾಗುತ್ತದೆ, ಮತ್ತು ಅವು ಸದ್ದಿಲ್ಲದೆ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತಿವೆ. ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಅಜ್ಜನ ಕಾಲದ ಸೈಕಲ್ಲಿರುವವರು ಅದನ್ನು ಗುಜರಿಗೆ ಹಾಕುವ ಮೊದಲು ಅದರ ಮೇಲಿನ ಬಣ್ಣದ ಅಕ್ಷರಗಳ, ಪುರಸಭೆಯ ಬಿಲ್ಲೆಯ ಫೋಟೊ ತೆಗೆದು, ಯಾವ ಊರಿನ ಅಂಗಡಿಯಲ್ಲಿ ಕೊಂಡದ್ದು, ಅಕ್ಷರ ಬರೆದ ಪೇಂಟರ್ ಯಾರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಲಿ.